ಕಟ್ಟಿದ ಮೂಗೂ ಕುಂದಿದ ಗ್ರಂಥಿಯೂ

ನಮ್ಮ ಕನ್ನಡದಲ್ಲಿ ‘ಶೀತ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಮೈಗೆ ತಟ್ಟುವ ತಣುಪೂ ಶೀತವೇ. ಮೂಗು ಕಟ್ಟಿ, ತಲೆ ಭಾರವಾಗಿ, ದನಿ ಒಡೆದು ಮನುಷ್ಯನನ್ನು ಮೂಲೆಗೆ ಕೂರಿಸುವ ನೆಗಡಿಯೂ ಶೀತವೇ. ಈ ಒಂದೇ ಶಬ್ದವನ್ನು ಬಾಲ್ಯದಿಂದ ಎರಡಕ್ಕೂ ಬಳಸುತ್ತ ಬಂದ ನಮಗೆ, ಚಳಿ ತಾಳಲಾರದವರಿಗೆ ಮೂಗು ಕಟ್ಟುವುದು ಸಹಜವೆಂದೂ, ಮೂಗು ಕಟ್ಟಿದವರ ಮೈಯೊಳಗೆ ತಣುಪು ಸೇರಿಕೊಂಡಿದೆಯೆಂದೂ ತೋರುವುದರಲ್ಲಿ ಆಶ್ಚರ್ಯವಿಲ್ಲ. ವೈಶಾಖದ ಮಧ್ಯಾಹ್ನದಲ್ಲಿಯೂ ನಾನು ಶಾಲು ಹೊದ್ದು ಕೂರುತ್ತಿದ್ದುದನ್ನೂ, ವರ್ಷದ ಮುನ್ನೂರು ದಿನ ಮೂಗಿನಲ್ಲಿ ಮಾತನಾಡುತ್ತಿದ್ದುದನ್ನೂ ಕಂಡ ನನ್ನ ತಾಯಿ, “ನಿನ್ನದು ಶೀತದ ಮೈ ಕಣೇ” ಎಂದು ಮರುಗಿ, ಮೊಸರು, ಬಾಳೆಹಣ್ಣು, ಸೌತೆಕಾಯಿಗಳನ್ನು ಒಂದೊಂದಾಗಿ ನನ್ನ ಎಲೆಯಿಂದ ದೂರಮಾಡಿದರು. ತಲೆಗೆ ನೀರೆರೆದುಕೊಳ್ಳುವ ದಿನಗಳನ್ನೂ ಕಡಿಮೆಮಾಡಿಸಿದರು. ಆ ಮಮತೆಯಲ್ಲಿ ಕೊರತೆಯೇನೂ ಇರಲಿಲ್ಲ. ಎರಡು ವರ್ಷಗಳ ಮೇಲೆ ಬೇರಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ನನ್ನ ಥೈರಾಯ್ಡ್ ಗ್ರಂಥಿ ತನ್ನ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದೆಯೆಂದು ತಿಳಿಯಿತು.

ಮಾತ್ರೆ ಆರಂಭವಾದ ನಾಲ್ಕು ತಿಂಗಳೊಳಗೆ ಶಾಲು ಪೆಟ್ಟಿಗೆ ಸೇರಿತು, ಮಲಬದ್ಧತೆ ತೊಲಗಿತು, ಬಾಚಣಿಗೆಗೆ ಸುತ್ತಿಕೊಂಡು ಬರುತ್ತಿದ್ದ ಕೂದಲು ಕಡಿಮೆಯಾಯಿತು. ಆದರೆ ಮೂಗು ಹೇಗಿತ್ತೋ ಹಾಗೆಯೇ ಉಳಿಯಿತು. ಒಂದೇ ವ್ಯಾಧಿಯೆಂದು ನಾವೆಲ್ಲ ತಿಳಿದಿದ್ದುದು ಎರಡು ವ್ಯಾಧಿಗಳಾಗಿದ್ದುವೆಂದು ನನಗೆ ಆಗ ಮೊದಲು ತೋರಿತು. ಅಂದಿನಿಂದ ಇಂದಿನವರೆಗೆ ಇವೆರಡನ್ನೂ ಜೊತೆಗಿಟ್ಟುಕೊಂಡು ಬದುಕುತ್ತಿರುವ ನಾನು ಕಲಿತ ಮುಖ್ಯವಾದ ಸಂಗತಿಯೆಂದರೆ, ಇವೆರಡರ ಲಕ್ಷಣಗಳು ಒಂದರೊಡನೊಂದು ಬೆರೆತಿರುವುದರಿಂದ, ಒಂದರ ಲೆಕ್ಕವನ್ನು ಮತ್ತೊಂದರ ಖಾತೆಗೆ ಬರೆಯುವ ತಪ್ಪು ಬಹು ಸುಲಭವಾಗಿ ನಡೆಯುತ್ತದೆ ಎಂಬುದು. ಜನರಲ್ಲಿ ಪ್ರಚಲಿತವಾಗಿರುವ ಅನೇಕ ತಪ್ಪು ಕಲ್ಪನೆಗಳ ಬೇರೂ ಇದೇ.

“ಥೈರಾಯ್ಡ್ ಇದ್ದವರಿಗೆ ಮೂಗು ಕಟ್ಟಿಯೇ ಕಟ್ಟುತ್ತದೆ” ಎಂಬುದು ಅವುಗಳಲ್ಲಿ ಮೊದಲನೆಯದು. ಇದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಇದನ್ನು ವಿವರವಾಗಿ ನೋಡಬೇಕಾಗಿದೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿಗೆ ಕನ್ನಡದಲ್ಲಿ ಗುರಾಣಿ ಗ್ರಂಥಿಯೆಂಬ ಹೆಸರೂ ಉಂಟು. ಗ್ರೀಕ್ ಮೂಲದ ಹೆಸರಿನ ಅರ್ಥವೂ ಗುರಾಣಿಯೇ. ಅದು ಕುಂದಿದಾಗ ಮನುಷ್ಯನಿಗೆ ಏನಾಗುತ್ತದೆಂಬುದನ್ನು 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ಕೆಲವು ಸ್ತ್ರೀಯರಲ್ಲಿ ಗಮನಿಸಿ ಬರೆದರು: ಉಬ್ಬಿದ ಮುಖ, ದಪ್ಪವಾದ ನಾಲಗೆ, ಮಂದವಾದ ಮಾತು, ಜಡವಾದ ನಡೆ. 1878ರಲ್ಲಿ ವಿಲಿಯಂ ಆರ್ಡ್ ಎಂಬವರು ಇಂಥ ರೋಗಿಗಳ ಚರ್ಮದಡಿಯಲ್ಲಿ ಲೋಳೆಯಂತಹ ದ್ರವ್ಯ ಸಂಗ್ರಹವಾಗಿರುವುದನ್ನು ಕಂಡು, ರೋಗಕ್ಕೆ ‘ಮಿಕ್ಸಿಡೀಮಾ’, ಎಂದರೆ ಲೋಳೆಯ ಬಾವು, ಎಂದು ಹೆಸರಿಟ್ಟರು. 1891ರಲ್ಲಿ ನ್ಯೂಕ್ಯಾಸಲ್ ನಗರದ ಜಾರ್ಜ್ ಮರ್ರೆಯವರು ಕುರಿಯ ಗ್ರಂಥಿಯಿಂದ ತೆಗೆದ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿ ಗುಣಪಡಿಸಿದಾಗ, ಅದುವರೆಗೆ ಔಷಧವೇ ಇಲ್ಲದ ರೋಗಕ್ಕೆ ಔಷಧ ದೊರೆಯಿತು. ಆಕೆ ಅನಂತರ 28 ವರ್ಷ ಬದುಕಿದ್ದಳೆಂಬುದನ್ನು ಓದಿದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ.

ಆರ್ಡ್ ಅವರು ಕಂಡ ಆ ಲೋಳೆದ್ರವ್ಯಕ್ಕೆ ನೀರನ್ನು ಹೀರಿ ಹಿಡಿದುಕೊಳ್ಳುವ ಗುಣವಿದೆ. ಅದು ಸ್ವರತಂತುಗಳಲ್ಲಿ ಸೇರಿದರೆ ದನಿ ಗಡಸಾಗುತ್ತದೆ. ನಾಲಗೆಯಲ್ಲಿ ಸೇರಿದರೆ ನಾಲಗೆ ದಪ್ಪವಾಗುತ್ತದೆ. ಮೂಗಿನ ಒಳಪೊರೆಯೂ ಹಾಗೆಯೇ ಉಬ್ಬಬಹುದು. ಆದುದರಿಂದ ಬಹುಕಾಲ ಚಿಕಿತ್ಸೆಯಿಲ್ಲದೆ ಉಳಿದ ಗ್ರಂಥಿದೌರ್ಬಲ್ಯ ಮೂಗನ್ನು ಕಟ್ಟಿಸಬಲ್ಲುದೆಂಬುದು ನಿಜ. ಆದರೆ ಈಗ ಬಹುಜನರಲ್ಲಿ ಈ ದೌರ್ಬಲ್ಯ ಅಷ್ಟು ಮುಂದುವರಿಯುವ ಮೊದಲೇ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಮಾತ್ರೆಯಿಂದ ರಕ್ತದ ಅಂಕಿಗಳು ಸರಿಯಾಗಿ ಹಲವು ತಿಂಗಳು ಕಳೆದ ಮೇಲೆಯೂ ಮೂಗು ತೆರೆಯದಿದ್ದರೆ, ಅದರ ಕಾರಣವನ್ನು ಕತ್ತಿನಲ್ಲಿ ಹುಡುಕದೆ ಮೂಗಿನಲ್ಲಿಯೇ ಹುಡುಕತಕ್ಕದ್ದು.

ಅಲ್ಲಿ ಸಿಗುವ ಕಾರಣಗಳೇನೂ ಕಡಿಮೆಯಲ್ಲ. ಹಾಸಿಗೆ, ದಿಂಬುಗಳಲ್ಲಿ ಕಣ್ಣಿಗೆ ಕಾಣದಂತೆ ಬದುಕುವ ಧೂಳಿನ ನುಸಿ, ಜಿರಲೆಯ ಕಸ, ಹೂಗಳ ಪರಾಗ. ನಮ್ಮ ಬೆಂಗಳೂರಿನ ಖಾಲಿ ನಿವೇಶನಗಳಲ್ಲೆಲ್ಲ ಬಿಳಿಯ ಹೂ ಚೆಲ್ಲಿ ನಿಲ್ಲುವ ಕಾಂಗ್ರೆಸ್ ಗಿಡದ ಪರಾಗವೂ ಅನೇಕರ ಮೂಗನ್ನು ಕೆರಳಿಸುತ್ತದೆ. ಕೆಲವರಿಗೆ ಮೂಗಿನ ನಡುಗೋಡೆ ಒಂದು ಕಡೆಗೆ ಡೊಂಕಾಗಿರುತ್ತದೆ. ಇನ್ನು ಕೆಲವರಿಗೆ ಮೂಗಿನೊಳಗೆ ಮೆದುವಾದ ಗಂಟುಗಳು ಬೆಳೆದಿರುತ್ತವೆ. ನಮ್ಮ ಜನ ಇವನ್ನು ‘ದುರ್ಮಾಂಸ’ವೆನ್ನುತ್ತಾರೆ. ಆದರೆ ದೀಪ ಹಿಡಿದು ಕನ್ನಡಿಯಲ್ಲಿ ತಮ್ಮ ಮೂಗನ್ನು ತಾವೇ ನೋಡಿಕೊಂಡು, ಕೆಂಪಗೆ ಉಬ್ಬಿದ ಒಂದು ಮಡಿಕೆಯನ್ನು ಕಂಡು, ದುರ್ಮಾಂಸ ಬೆಳೆಯಿತೆಂದು ಹೆದರುವವರು ನೋಡಿರುವುದು ಬಹುಮಟ್ಟಿಗೆ ಹುಟ್ಟಿನಿಂದ ಎಲ್ಲರಿಗೂ ಇರುವ ಟರ್ಬಿನೇಟ್ ಎಂಬ ಭಾಗವನ್ನೇ. ಮೂಳೆಯ ಮೇಲೆ ರಕ್ತನಾಳಗಳಿಂದ ತುಂಬಿದ ಪೊರೆ ಹೊದ್ದ ಈ ಮಡಿಕೆ ಒಳಬರುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಇದು ಎರಡು ಬದಿಗಳಲ್ಲಿ ಸರದಿಯಿಂದ ಉಬ್ಬಿ ಇಳಿಯುತ್ತದೆಂಬುದನ್ನು ಜರ್ಮನಿಯ ಕೈಸರ್ ಎಂಬ ವೈದ್ಯರು 1895ರಲ್ಲಿಯೇ ವರ್ಣಿಸಿದ್ದಾರೆ. ಬೆಳಿಗ್ಗೆ ಎಡ ಹೊಳ್ಳೆ ಬಿಗಿಯಾಗಿದ್ದು ಕೆಲವು ಗಂಟೆಗಳಲ್ಲಿ ಬಲ ಹೊಳ್ಳೆ ಬಿಗಿಯಾದರೆ, ರೋಗ ಸ್ಥಳ ಬದಲಾಯಿಸಿತೆಂದು ಕಳವಳಪಡಬೇಕಾಗಿಲ್ಲ. ಆರೋಗ್ಯವಂತರ ಮೂಗೂ ಹೀಗೆಯೇ ಉಸಿರಾಡುತ್ತದೆ, ಅವರಿಗೆ ಅದು ಅರಿವಿಗೆ ಬರುವುದಿಲ್ಲ.

ನನ್ನ ಮೂಗು ಕಟ್ಟುವುದಕ್ಕೆ ಕಾರಣಗಳು ಎರಡಿದ್ದುವು. ಒಂದು, ಹಳೆಯ ಹತ್ತಿಯ ಹಾಸಿಗೆಯಲ್ಲಿದ್ದ ನುಸಿ. ಇನ್ನೊಂದು, ನಾನೇ ದಿನವೂ ಹಾಕಿಕೊಳ್ಳುತ್ತಿದ್ದ ಔಷಧ. ಈ ಎರಡನೆಯದನ್ನು ಕುರಿತು ಸ್ವಲ್ಪ ನಿಂತು ಹೇಳಬೇಕೆಂದು ನನಗೆ ಅನಿಸುತ್ತದೆ, ಏತಕ್ಕೆಂದರೆ ನಾನು ಕಂಡ ಎಷ್ಟೋ ಮನೆಗಳಲ್ಲಿ ದಿಂಬಿನ ಬಳಿ ಆ ಪುಟ್ಟ ಸೀಸೆ ಇದ್ದೇ ಇರುತ್ತದೆ. ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಎಂಬ ದ್ರವ್ಯಗಳ ಹನಿಗಳು ಆ ಮಡಿಕೆಗಳ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕೆಲವೇ ನಿಮಿಷಗಳಲ್ಲಿ ಉಸಿರು ಸಲೀಸಾಗುತ್ತದೆ. ಆ ಸುಖ ದೊಡ್ಡದು. ಆದರೆ ನಾಲ್ಕೈದು ದಿನಗಳನ್ನು ಮೀರಿ ಬಳಸಿದರೆ ರಕ್ತನಾಳಗಳು ಔಷಧಕ್ಕೆ ಒಗ್ಗಿಕೊಂಡು, ಅದರ ಪ್ರಭಾವ ಇಳಿದೊಡನೆ ಮೊದಲಿಗಿಂತ ಹೆಚ್ಚಾಗಿ ಉಬ್ಬುತ್ತವೆ; ಉಬ್ಬನ್ನು ಇಳಿಸಲು ಮತ್ತೆ ಹನಿ, ಹನಿಯಿಂದ ಮತ್ತೆ ಉಬ್ಬು. ಹೀಗೆ ವರ್ಷಗಟ್ಟಲೆ ನಡೆದುದನ್ನು ನಾನು “ಥೈರಾಯ್ಡಿನ ಮೂಗು” ಎಂದು ತಿಳಿದಿದ್ದೆ. ಹನಿಯನ್ನು ಬಿಟ್ಟ ಮೊದಲ ವಾರದ ರಾತ್ರಿಗಳನ್ನು ಗೋಡೆಗೆ ಒರಗಿ ಕುಳಿತೇ ಕಳೆದೆ. ಎರಡನೆಯ ವಾರದಲ್ಲಿ ಒಂದು ಹೊಳ್ಳೆ, ಮೂರನೆಯದರಲ್ಲಿ ಮತ್ತೊಂದು, ಹನಿಯಿಲ್ಲದೆಯೇ ತೆರೆಯಿತು.

ಹನಿಯ ಚಟವನ್ನು ಬಿಡಿಸಲು ವೈದ್ಯರು ಕೊಟ್ಟುದು ಸ್ಟಿರಾಯ್ಡಿನ ಸಿಂಪಡಿಕೆ. ಸ್ಟಿರಾಯ್ಡ್ ಎಂಬ ಶಬ್ದ ಕೇಳಿದೊಡನೆ, ಗ್ರಂಥಿ ಮೊದಲೇ ಕೆಟ್ಟಿರುವವರಿಗೆ ಅದು ಮತ್ತಷ್ಟು ಕೆಡುಕು ಮಾಡೀತೆಂದು ಮನೆಯವರೆಲ್ಲ ಹೌಹಾರಿದರು. ಆ ಭಯಕ್ಕೆ ಕಾರಣವಿರಲಿಲ್ಲ: ಇಂಥ ಸಿಂಪಡಿಕೆಯಲ್ಲಿರುವ ಫ್ಲೂಟಿಕಾಸೋನ್, ಮೊಮೆಟಾಸೋನ್ ಮುಂತಾದವು ಮೂಗಿನ ಪೊರೆಯ ಮೇಲೆಯೇ ಕೆಲಸಮಾಡುತ್ತವೆ. ಅವುಗಳಿಂದ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ಆದರೆ ಹನಿಯಂತೆ ಅವು ತತ್‌ಕ್ಷಣ ಫಲ ಕೊಡುವುದಿಲ್ಲ. ಒಂದೆರಡು ವಾರ ತಪ್ಪದೆ ಬಳಸಿದ ಮೇಲೆ ಗುಣ ತೋರುತ್ತವೆ. ಸಿಂಪಡಿಸುವಾಗ ಸೀಸೆಯ ತುದಿಯನ್ನು ನಡುಗೋಡೆಯತ್ತ ಹಿಡಿಯದೆ, ಕಿವಿಯತ್ತ ಓರೆಯಾಗಿ ಹಿಡಿಯಬೇಕು. ಇಲ್ಲವಾದರೆ ಮೂಗಿನಲ್ಲಿ ರಕ್ತ ಬರುವುದುಂಟು.

ನೆಗಡಿಯ ಮಾತ್ರೆಯ ಡಬ್ಬಿಗಳ ಮೇಲೆ “ಥೈರಾಯ್ಡ್ ಇದ್ದವರು ವೈದ್ಯರನ್ನು ಕೇಳಿ” ಎಂಬ ಎಚ್ಚರಿಕೆ ಇರುವುದನ್ನು ನೋಡಿ, ತಮಗೆ ಯಾವ ನೆಗಡಿಯ ಔಷಧವೂ ಸಲ್ಲದೆಂದು ನಂಬಿರುವವರೂ ಉಂಟು. ಆ ಎಚ್ಚರಿಕೆಯ ಮುಖ್ಯ ಉದ್ದೇಶ ಗ್ರಂಥಿ ಅತಿಯಾಗಿ ದುಡಿಯುವವರನ್ನು ಕಾಪಾಡುವುದು. ಅವರ ಎದೆ ಮೊದಲೇ ವೇಗವಾಗಿ ಬಡಿಯುತ್ತಿರುತ್ತದೆ, ಈ ಮಾತ್ರೆಗಳು ಅದನ್ನು ಇನ್ನೂ ಓಡಿಸುತ್ತವೆ. ಗ್ರಂಥಿ ಕುಂದಿದವರೂ ತಮ್ಮ ಮಾತ್ರೆಯ ಪ್ರಮಾಣ ಮಿತಿಮೀರಿದ್ದರೆ, ಅಥವಾ ರಕ್ತದೊತ್ತಡ, ಹೃದ್ರೋಗ ಇದ್ದರೆ, ಕೇಳಿಯೇ ತೆಗೆದುಕೊಳ್ಳುವುದು ಲೇಸು. ಅದಿರಲಿ, ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಫೀನೈಲೆಫ್ರಿನ್ ಎಂಬ ದ್ರವ್ಯ, ಬಾಯಿಯಿಂದ ನುಂಗಿದರೆ ಮೂಗಿನ ಕಟ್ಟನ್ನು ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಏಕಮತದಿಂದ ಹೇಳಿತು; 2024ರಲ್ಲಿ ಆ ಸಂಸ್ಥೆ ನುಂಗುವ ನೆಗಡಿಯ ಔಷಧಗಳಿಂದ ಅದನ್ನು ತೆಗೆಯುವ ಪ್ರಸ್ತಾವವನ್ನು ಮುಂದಿಟ್ಟಿತು. ಮೆಂಥಾಲಿನ ಮುಲಾಮಿನ ಸಂಗತಿಯೂ ಇದಕ್ಕೆ ಹತ್ತಿರವೇ: ಅದು ಮೂಗಿನ ತಂಪನ್ನು ಅರಿಯುವ ನರಗಳನ್ನು ಎಚ್ಚರಿಸಿ ಗಾಳಿ ಹೆಚ್ಚು ಬಂದಂತೆ ತೋರಿಸುತ್ತದೆಯೇ ಹೊರತು ದಾರಿಯನ್ನು ಅಗಲಿಸುವುದಿಲ್ಲ. ಹಬೆ ಹಿಡಿಯುವುದರಿಂದ ಕ್ಷಣಕಾಲದ ಹಿತವುಂಟು. ಕುದಿಯುವ ಪಾತ್ರೆ ಉರುಳಿ ಸುಟ್ಟುಕೊಂಡ ಮಕ್ಕಳ ನೆನಪಾದಾಗ ಆ ಹಿತ ದುಬಾರಿಯೆನಿಸುತ್ತದೆ.

ನಮ್ಮ ಯೋಗಪರಂಪರೆಯ ಜಲನೇತಿಯನ್ನು ಮಾತ್ರ ನಾನು ಮನಃಪೂರ್ವಕವಾಗಿ ಹೊಗಳಬಲ್ಲೆ. ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು ಬೆರೆಸಿದರೆ ಅದು ನಮ್ಮ ರಕ್ತದ ಲವಣತೆಗೆ ಸಮನಾಗಿ ಮೂಗಿಗೆ ಉರಿಯುಂಟುಮಾಡುವುದಿಲ್ಲ. ಧೂಳು, ಪರಾಗ, ಗಟ್ಟಿಯಾದ ಸಿಂಬಳ ಕೊಚ್ಚಿಹೋಗುತ್ತವೆ. ಆದರೆ ನಲ್ಲಿಯ ನೀರನ್ನೋ ಕೆರೆಯ ನೀರನ್ನೋ ಹಾಗೆಯೇ ಬಳಸಬಾರದು. ಮೂಗಿನ ಮೂಲಕ ಮಿದುಳಿಗೇರುವ ನೇಗ್ಲೇರಿಯಾ ಎಂಬ ಅಮೀಬಾ ವಿರಳವಾದರೂ ಮಾರಣಾಂತಿಕ. ನೆರೆಯ ಕೇರಳದಲ್ಲಿ ಅದರಿಂದ ಸಾವುಗಳಾಗಿವೆ. ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗಿಸಿಕೊಂಡೇ ನೇತಿ ಮಾಡತಕ್ಕದ್ದು.

ಇನ್ನು ಗ್ರಂಥಿಯ ಕಡೆಯ ಕಲ್ಪನೆಗಳು. ವರದಿಯಲ್ಲಿ ಟಿಎಸ್‌ಎಚ್ ಅಂಕಿ ಏರಿದುದನ್ನು ನೋಡಿ “ಥೈರಾಯ್ಡ್ ಜಾಸ್ತಿಯಾಗಿದೆ” ಎನ್ನುವವರು ಬಹಳ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ರಸವಲ್ಲ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಅದಕ್ಕೆ ಕಳುಹಿಸುವ ಆಜ್ಞೆ. ಕೆಳಗಿನವನು ಮಾತು ಕೇಳದಿದ್ದಷ್ಟೂ ಮೇಲಿನವನು ಗಟ್ಟಿಯಾಗಿ ಕೂಗುವಂತೆ, ಗ್ರಂಥಿ ಕುಂದಿದಷ್ಟೂ ಈ ಅಂಕಿ ಏರುತ್ತದೆ. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯದೆ ಮತ್ತೆ ರಕ್ತ ಕೊಡುವುದು ವ್ಯರ್ಥ. ಮಾತ್ರೆಯಲ್ಲಿರುವ ಗ್ರಂಥಿರಸ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ ಹೊಸ ಸಮತೋಲ ಬೇಗ ಬಾರದು. ಬೆಳಗಿನ ಕಾಫಿಯೊಡನೆಯೇ ಮಾತ್ರೆ ನುಂಗಿದರೂ ಆಯಿತೆಂಬುದು ನಮ್ಮ ನಾಡಿನಲ್ಲಿ ವಿಶೇಷವಾಗಿ ಹಾನಿಮಾಡಿರುವ ಕಲ್ಪನೆ. ಕಾಫಿ ಆ ಮಾತ್ರೆಯನ್ನು ಕರುಳು ಪೂರ್ಣವಾಗಿ ಹೀರಿಕೊಳ್ಳದಂತೆ ತಡೆಯುತ್ತದೆ. ಬರಿಯ ನೀರಿನೊಡನೆ ಖಾಲಿ ಹೊಟ್ಟೆಯಲ್ಲಿ ನುಂಗಿ ಒಂದು ಗಂಟೆ ಕಾಯುವುದು ಫಿಲ್ಟರ್ ಕಾಫಿಯ ಮನೆಯಲ್ಲಿ ಹುಟ್ಟಿದವರಿಗೆ ಸಣ್ಣ ತಪಸ್ಸೇ ಸರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಾದರೆ ನಾಲ್ಕು ಗಂಟೆಗಳ ಅಂತರ ಬೇಕು.

ಅಯೊಡೀನ್ ಹೆಚ್ಚು ತಿಂದರೆ ಗ್ರಂಥಿ ಚೇತರಿಸೀತೆಂಬ ನಂಬಿಕೆ ಗಳಗಂಡದ ಕಾಲದಿಂದ ಉಳಿದುಬಂದುದು. ಆಗ ಅದು ಸತ್ಯವಾಗಿತ್ತು. 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿಯವರು ಅಯೊಡೀನ್ ಬೆರೆತ ಉಪ್ಪಿನಿಂದ ಗಳಗಂಡವನ್ನು ಇಳಿಸಿ ತೋರಿಸಿದುದು ನಮ್ಮ ದೇಶ ಹೆಮ್ಮೆಪಡಬೇಕಾದ ಕಾರ್ಯ. ಈಗ ಆ ಉಪ್ಪು ಮನೆಮನೆಯಲ್ಲಿರುವಾಗ, ದೇಹದ ರಕ್ಷಕಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಅದು ಕುಂದಲು ಪ್ರಮುಖ ಕಾರಣವಾಗಿದೆ. 1912ರಲ್ಲಿ ಜಪಾನಿನ ಹಶಿಮೋಟೊ ಅವರು ಮೊದಲು ವರ್ಣಿಸಿದ ಈ ರೋಗದಲ್ಲಿ ಅತಿಯಾದ ಅಯೊಡೀನ್ ಕೆಡುಕನ್ನೇ ಮಾಡಬಹುದು. ಎಲೆಕೋಸು ಗ್ರಂಥಿಗೆ ಕೇಡೆಂಬ ಭಯವೂ ಬೇಡ: ಬೇಯಿಸಿದ ಎಲೆಕೋಸಿನ ಪಲ್ಯವನ್ನು ಹಿತಮಿತವಾಗಿ ಉಂಡರೆ ಯಾವ ಬಾಧೆಯೂ ಇಲ್ಲ. ಮೊಸರು, ಬಾಳೆಹಣ್ಣುಗಳೂ ನನ್ನ ಎಲೆಗೆ ಹಿಂದಿರುಗಿವೆ.

ಎಲ್ಲಕ್ಕಿಂತ ಕಠಿಣವಾದುದು ಆಯಾಸದ ಲೆಕ್ಕ. ಗ್ರಂಥಿ ಕುಂದಿದರೂ ಆಯಾಸ, ಮೂಗು ಕಟ್ಟಿ ನಿದ್ದೆ ಕೆಟ್ಟರೂ ಆಯಾಸ. ಹಿಂದಿನ ವರ್ಷ ಹಗಲೆಲ್ಲ ಕಣ್ಣು ಎಳೆಯುತ್ತಿದ್ದುದರಿಂದ ನಾನು ಮಾತ್ರೆಯ ಪ್ರಮಾಣವನ್ನು ಏರಿಸಬೇಕೆಂದು ವೈದ್ಯರನ್ನು ಬೇಡಿದೆ. ಟಿಎಸ್‌ಎಚ್ ಅಂಕಿ ಸರಿಯಾಗಿಯೇ ಇತ್ತು. ಅಂಥ ಸ್ಥಿತಿಯಲ್ಲಿ ಪ್ರಮಾಣವನ್ನು ಏರಿಸಿದರೆ ಹೃದಯದ ಬಡಿತ ತಾಳತಪ್ಪುವುದೂ, ಕಾಲಕ್ರಮದಲ್ಲಿ ಮೂಳೆ ಸವೆಯುವುದೂ ಉಂಟೆಂದು ಹೇಳಿ, ಆ ವೈದ್ಯರು ನನ್ನ ಪತಿಯ ಕಡೆಗೆ ತಿರುಗಿ, “ಇವರು ರಾತ್ರಿ ಗೊರಕೆ ಹೊಡೆಯುತ್ತಾರೆಯೇ? ನಡುನಡುವೆ ಉಸಿರು ನಿಂತಂತೆ ಆಗುತ್ತದೆಯೇ?” ಎಂದು ಕೇಳಿದರು. ಗ್ರಂಥಿ ಕುಂದಿದವರಲ್ಲಿಯೂ ಮೂಗು ಕಟ್ಟಿದವರಲ್ಲಿಯೂ ನಿದ್ದೆಯಲ್ಲಿ ಉಸಿರು ತಡೆಯುವ ವ್ಯಾಧಿ ಕಾಣಬರುವುದರಿಂದ, ಎರಡೂ ಇರುವವರಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕೆಂಬುದು ಅವರ ಅಭಿಪ್ರಾಯ. ಹೌದೆಂದು ಪತಿ ತಲೆಯಾಡಿಸಿದರು. ಎಷ್ಟೋ ರಾತ್ರಿ ನನ್ನ ಉಸಿರಿಗಾಗಿ ಕಿವಿಗೊಟ್ಟು ಎದ್ದು ಕುಳಿತಿದ್ದುದನ್ನು ಅದುವರೆಗೆ ನನಗೆ ಹೇಳಿರಲಿಲ್ಲ. ವೈದ್ಯರು ಮಾತ್ರೆಯನ್ನು ಇದ್ದಷ್ಟಕ್ಕೇ ಇಟ್ಟು, ಚೀಟಿಯ ಇನ್ನೊಂದು ಮಗ್ಗುಲಲ್ಲಿ ನಿದ್ರೆಯ ಪರೀಕ್ಷೆಯನ್ನು ಬರೆದುಕೊಟ್ಟರು.