ನಕ್ಷತ್ರ ಎಣಿಸುವವರ ನಡುವೆ ಅಮೀರ್ ಅಬ್ದುಲ್ಲಾ

ಮೈದಾನದ ಗೆರೆಯ ಹೊರಗೆ ನಿಂತವರಿಗೆ ಇರುವಷ್ಟು ಜ್ಞಾನ ಒಳಗೆ ಆಡುವವರಿಗೂ ಇರುವುದಿಲ್ಲ ಅಂತ ನಮ್ಮಲ್ಲಿ ತಮಾಷೆಗೆ ಹೇಳುವುದುಂಟು. ಕಸಬಾ ಬೆಂಗ್ರೆಯ ಮರಳಿನಲ್ಲಾಗಲಿ, ಮಂಗಳೂರಿನ ನೆಹರೂ ಮೈದಾನದಲ್ಲಾಗಲಿ, ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇಬ್ಬರನ್ನು ತಪ್ಪಿಸಿ ಗೋಲು ಹೊಡೆದರೆ ಸಾಕು, ಗೆರೆಯ ಹೊರಗೆ ಸಭೆ ಶುರು. ‘ಇವ ಸಂತೋಷ್ ಟ್ರೋಫಿಗೆ ಹೋಗುವ ಜನ’ ಎಂದು ಒಬ್ಬರು. ‘ಎತ್ತರ ಸಾಲದು ಮಾರಾಯ, ಎಡಗಾಲು ಇಲ್ಲವೇ ಇಲ್ಲ’ ಎಂದು ಇನ್ನೊಬ್ಬರು. ‘ಎರಡು ವರ್ಷ ಬಿಡಿ, ವೀಸಾ ಬಂದ್ರೆ ಇವನೂ ಗಲ್ಫಿಗೆ’ ಎಂದು ಮೂರನೆಯವರು. ಹುಡುಗನಿಗೆ ಇದಾವುದೂ ಕೇಳಿಸುವುದಿಲ್ಲ, ಅಥವಾ ಎಲ್ಲವೂ ಕೇಳಿಸುತ್ತದೆ.

ಹೀಗೆ ಶಾಲಾ ಹುಡುಗನ ಭವಿಷ್ಯ ಹೇಳುವ ಕೆಲಸವನ್ನು ಒಂದು ದೇಶವೇ ದೊಡ್ಡ ಉದ್ಯಮ ಮಾಡಿಕೊಂಡಿದೆ. ಅದು ಅಮೆರಿಕ. ಅಲ್ಲಿ ಫುಟ್ಬಾಲ್ ಎಂದರೆ ನಮ್ಮ ಫುಟ್ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಒಂದು ಕಡೆ 11 ಜನ. ನಾಲ್ಕು ಯತ್ನದೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಈ ಆಟದಲ್ಲಿ ನೇರವಾಗಿ ಶಾಲೆಯಿಂದ ವೃತ್ತಿಪರ ತಂಡಕ್ಕೆ ಹಾರುವ ದಾರಿ ಇಲ್ಲ. ಹೈಸ್ಕೂಲು ಮುಗಿಸಿ ಕನಿಷ್ಠ ಮೂರು ವರ್ಷ ಆಗಬೇಕು. ಹಾಗಾಗಿ ನಡುವಿನ ಸೇತುವೆ ಕಾಲೇಜು. ಯಾವ ಹುಡುಗ ಯಾವ ಕಾಲೇಜಿಗೆ ಎಂಬುದೇ ಅಲ್ಲಿನ ಅಭಿಮಾನಿಗಳಿಗೆ ವರ್ಷವಿಡೀ ನಡೆಯುವ ಇನ್ನೊಂದು ಪಂದ್ಯಾವಳಿ.

ಈ ಪಂದ್ಯಾವಳಿಯ ಕಥೆಯನ್ನು ನಾವು ಇಲ್ಲಿ ಹೇಳಲು ಹೊರಟದ್ದಕ್ಕೆ ಕಾರಣ ಉಂಟು. ಅದರೊಳಗೆ ನಮ್ಮ ಹೆಸರಿನ, ನಮ್ಮಂತೆ ನಮಾಝ್ ಮಾಡುವ ಹುಡುಗರೂ ಇದ್ದಾರೆ. ಅವರ ಕಥೆಯಿಂದ ನಮ್ಮ ಬಾಪಂದಿರು, ಉಮ್ಮಂದಿರು, ಮೈದಾನದ ಬದಿಯ ನಮ್ಮ ಸಭೆಯವರು ತೆಗೆದುಕೊಳ್ಳಬೇಕಾದ್ದೂ ಇದೆ.

ಅಳೆಯುವುದು ಹೇಗೆ?

ಅಮೆರಿಕದ ಹೈಸ್ಕೂಲುಗಳಲ್ಲಿ ಸುಮಾರು 10 ಲಕ್ಷ ಮಕ್ಕಳು ಈ ಆಟ ಆಡುತ್ತಾರೆ. ಅವರನ್ನು ತೂಗಿ ನೋಡಲೆಂದೇ ಕಂಪೆನಿಗಳಿವೆ: ರೈವಲ್ಸ್, 247 ಸ್ಪೋರ್ಟ್ಸ್, ಇಎಸ್‌ಪಿಎನ್. ಹೋಟೆಲುಗಳಿಗೆ ಕೊಟ್ಟ ಹಾಗೆ ಹುಡುಗರಿಗೂ ನಕ್ಷತ್ರ. ಎರಡು ನಕ್ಷತ್ರ ಎಂದರೆ ‘ಇರಲಿ ನೋಡೋಣ’, ಮೂರು ಎಂದರೆ ‘ಪರವಾಗಿಲ್ಲ’, ನಾಲ್ಕು ಎಂದರೆ ‘ಬಿಡಬಾರದು’. ಐದು ನಕ್ಷತ್ರ ಇಡೀ ದೇಶದಲ್ಲಿ ವರ್ಷಕ್ಕೆ ಮೂವತ್ತರ ಆಸುಪಾಸಿನ ಹುಡುಗರಿಗೆ ಮಾತ್ರ.

ಅಭಿಮಾನಿಗಳು ಈ ನಕ್ಷತ್ರಗಳನ್ನೇ ನಂಬಿ ಕೂರುವವರಲ್ಲ. ಅವರದ್ದೇ ಬೇರೆ ತಕ್ಕಡಿ ಇದೆ. ಮೊದಲು ಎತ್ತರ, ತೂಕ. ಆಮೇಲೆ 40 ಗಜ ಓಡಲು ಎಷ್ಟು ಸೆಕೆಂಡು. ಆಮೇಲೆ ‘ಎಲುಬಿನ ಚೌಕಟ್ಟು’, ಅಂದರೆ ಈ ಸಪೂರ ಹುಡುಗನ ಭುಜದ ಮೇಲೆ ಎರಡು ವರ್ಷದಲ್ಲಿ ಇನ್ನೂ ಹತ್ತು ಹದಿನೈದು ಕಿಲೋ ಸ್ನಾಯು ಕೂರುತ್ತದೋ ಇಲ್ಲವೋ ಎಂಬ ಲೆಕ್ಕ. ನಂತರ ಐದು ನಿಮಿಷದ ವೀಡಿಯೊ. ಅನುಭವಸ್ಥರು ಇಲ್ಲೇ ಎಚ್ಚರಿಕೆ ಹೇಳುತ್ತಾರೆ: ವೀಡಿಯೊದಲ್ಲಿ ಹುಡುಗ ಗೆದ್ದದ್ದು ಮಾತ್ರ ಇರುತ್ತದೆ, ಬಿದ್ದದ್ದು ಇರುವುದಿಲ್ಲ. ಎದುರಿಗೆ ಇದ್ದವರು ಯಾರು ಅಂತಲೂ ನೋಡಬೇಕು. ದುರ್ಬಲ ತಂಡದ ಎದುರು ಎಲ್ಲರೂ ಹೀರೊಗಳೇ.

ಇನ್ನೊಂದು ತೂಕದ ಕಲ್ಲು ಇದೆ. ಯಾವ ಯಾವ ಕಾಲೇಜು ಇವನಿಗೆ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದಿದೆ ಎಂಬ ಪಟ್ಟಿ. ದೊಡ್ಡ ಕಾಲೇಜೊಂದು ಕೈಚಾಚಿದ ಮರುದಿನ ಉಳಿದವರೂ ಸಾಲುಗಟ್ಟುತ್ತಾರೆ. ನಿನ್ನೆಯ ಹುಡುಗನೇ ಇವತ್ತಿನ ಹುಡುಗ, ಓಟದಲ್ಲಿ ಒಂದು ಸೆಕೆಂಡೂ ಕಡಿಮೆಯಾಗಿಲ್ಲ, ಆದರೆ ಮರ್ಯಾದೆ ದುಪ್ಪಟ್ಟು! ನಮ್ಮಲ್ಲಿ ಮದುವೆ ಸಂಬಂಧ ನೋಡುವಾಗ ‘ಅವರು ಕೇಳಿದ್ದಾರಂತೆ’ ಎಂದ ಕೂಡಲೇ ಎಲ್ಲರೂ ವಿಚಾರಿಸಲು ಶುರು ಮಾಡುತ್ತಾರಲ್ಲ, ಹಾಗೆಯೇ.

ತಕ್ಕಡಿ ತಪ್ಪಿದಾಗ

ಇಷ್ಟೆಲ್ಲ ತೂಗಿಯೂ ಲೆಕ್ಕ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ಕೃಷಿಕ ಕುಟುಂಬದ ಜೋಶ್ ಅಲೆನ್‌ಗೆ ಹೈಸ್ಕೂಲು ಮುಗಿದಾಗ ಮೇಲಿನ ದರ್ಜೆಯ ಒಂದು ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಹತ್ತಿರದ ಜೂನಿಯರ್ ಕಾಲೇಜಿನಲ್ಲಿ ಆಡುತ್ತಾ, ದೇಶದ ಕೋಚ್‌ಗಳಿಗೆಲ್ಲ ಇ-ಮೇಲ್ ಕಳಿಸುತ್ತಾ ಕೂತ. ಕೊನೆಗೆ ವ್ಯೋಮಿಂಗ್ ವಿಶ್ವವಿದ್ಯಾನಿಲಯ ಕರೆಯಿತು. 2018ರ ವೃತ್ತಿಪರ ಆಯ್ಕೆಯಲ್ಲಿ ಆತ 7ನೆಯವ. 2024ರ ಸೀಸನ್‌ನಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ. ಎರಡೇ ನಕ್ಷತ್ರದ ಖಲೀಲ್ ಮ್ಯಾಕ್ ದೊಡ್ಡ ತಂಡಗಳ ಕಣ್ಣಿಗೆ ಬೀಳದೆ ಬಫಲೋ ವಿಶ್ವವಿದ್ಯಾನಿಲಯಕ್ಕೆ ಹೋದ. 2014ರಲ್ಲಿ 5ನೆಯವನಾಗಿ ಆಯ್ಕೆಯಾಗಿ, 2016ರಲ್ಲಿ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿದ.

ಹಾಗಂತ ನಕ್ಷತ್ರ ಕೊಡುವುದೆಲ್ಲ ಸುಳ್ಳು ಅನ್ನುವ ಹಾಗೂ ಇಲ್ಲ. ಐದು ನಕ್ಷತ್ರದವರಲ್ಲಿ ಮೇಲಕ್ಕೆ ಹೋಗುವವರ ಪ್ರಮಾಣ ಎರಡು ನಕ್ಷತ್ರದವರಿಗಿಂತ ಬಹಳ ಹೆಚ್ಚು. ತೂಗುವವರಿಗೆ ಗುಂಪಿನ ಲೆಕ್ಕ ಸಿಗುತ್ತದೆ. ಆದರೆ ಮನೆಯಲ್ಲಿರುವುದು ಗುಂಪಲ್ಲ, ಒಬ್ಬ ಮಗ. ಅವನ ಲೆಕ್ಕ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಗಿಡ್ಡ ಹುಡುಗ, ಎಂಟು ಪದವೀಧರರ ತಮ್ಮ

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಪಕ್ಕದ ಹೋಮ್‌ವುಡ್ ಎಂಬ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಅಮೀರ್ ಅಬ್ದುಲ್ಲಾ ಎಂಬ ಮುಸ್ಲಿಂ ಹುಡುಗ ಚೆಂಡು ಹಿಡಿದು ಓಡುವ ‘ರನ್ನಿಂಗ್ ಬ್ಯಾಕ್’. ಎತ್ತರ ಐದು ಅಡಿ ಒಂಬತ್ತು ಇಂಚಿಗೂ ಸ್ವಲ್ಪ ಕಡಿಮೆ. ಹುಡುಗ ಚುರುಕು ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ಎಲ್ಲಿ ಆಡಿಸುವುದು ಎಂಬುದರಲ್ಲಿ. ‘ಈ ದೇಹ ಹಿಡಿದು ಕಾಲೇಜಿನ ದೈತ್ಯರ ನಡುವೆ ಓಡಿದರೆ ಮುರಿದು ಹೋಗ್ತಾನೆ, ಹಿಂದೆ ನಿಂತು ರಕ್ಷಣೆ ಮಾಡಲಿ’ ಎಂಬುದು ಹಲವು ದೊಡ್ಡ ಕಾಲೇಜುಗಳ ತೀರ್ಮಾನ. ಓಡುವ ಅವಕಾಶ ಕೊಡ್ತೇವೆ ಎಂದದ್ದು ನೆಬ್ರಾಸ್ಕಾ. ಮನೆಯಿಂದ ಸಾವಿರ ಕಿಲೋಮೀಟರಿಗೂ ದೂರ. 2011ರಲ್ಲಿ ಹುಡುಗ ಅಲ್ಲಿಗೇ ಹೋದ.

ನೆಬ್ರಾಸ್ಕಾ ಎಂದರೆ ಸಣ್ಣ ಜಾಗ ಅಲ್ಲ. ಲಿಂಕನ್ ನಗರದ ಅದರ ಮೆಮೋರಿಯಲ್ ಸ್ಟೇಡಿಯಂನ ಟಿಕೆಟುಗಳು 1962ರಿಂದ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತಾ ಬಂದಿವೆ. ಅಂಥ ಕಡೆ ಮೊದಲ ವರ್ಷ ಅಮೀರ್ ಓಡಿದ್ದು ಬರೀ 150 ಗಜ. ಚೆಂಡು ಕೈಜಾರಿಸುವ ಅಭ್ಯಾಸವೂ ಇತ್ತು. ‘ನಾವು ಹೇಳಿರಲಿಲ್ವಾ’ ಅನ್ನುವವರು ಎಲ್ಲಾ ಊರಲ್ಲೂ ಇರುತ್ತಾರೆ. ಮುಂದಿನ ಮೂರು ವರ್ಷದ ಲೆಕ್ಕ ನೋಡಿ: 1,137, 1,690, 1,611 ಗಜ. ಸತತ ಮೂರು ಸೀಸನ್‌ನಲ್ಲಿ ಸಾವಿರ ಗಜ ದಾಟಿದವರು ಆ ಕಾಲೇಜಿನ ಇತಿಹಾಸದಲ್ಲಿ ಅದುವರೆಗೆ ಬೇರೆ ಯಾರೂ ಇರಲಿಲ್ಲ. ಒಟ್ಟು 4,588 ಗಜ, ಕಾಲೇಜಿನ ಸಾರ್ವಕಾಲಿಕ ಪಟ್ಟಿಯಲ್ಲಿ ಎರಡನೇ ಸ್ಥಾನ.

2014ರ ಸೆಪ್ಟೆಂಬರ್‌ನಲ್ಲಿ ಮೆಕ್‌ನೀಸ್ ಸ್ಟೇಟ್ ಎಂಬ ಸಣ್ಣ ತಂಡದ ಎದುರು ನೆಬ್ರಾಸ್ಕಾ ಸಿಕ್ಕಿಹಾಕಿಕೊಂಡಿತ್ತು. ಸ್ಕೋರು 24-24, ಉಳಿದದ್ದು ಕೆಲವೇ ಸೆಕೆಂಡುಗಳು. ಅಮೀರ್‌ಗೆ ಒಂದು ಚಿಕ್ಕ ಪಾಸ್ ಸಿಕ್ಕಿತು. ಹಿಡಿಯಲು ಬಂದವರನ್ನು ಒಬ್ಬೊಬ್ಬರಾಗಿ ಕೊಡವಿಕೊಂಡು 58 ಗಜ ಓಡಿ ಪಂದ್ಯ ಮುಗಿಸಿದ. ಮುರಿದು ಹೋಗುತ್ತದೆ ಅಂದ ದೇಹ ಅದೇ.

ಆದರೆ ನಮ್ಮ ಪುಟದ ಓದುಗರು ನೆನಪಿಡಬೇಕಾದ ಅಂಕಿ ಇದಲ್ಲ. ಅಮೀರ್ ಒಂಬತ್ತು ಮಕ್ಕಳಲ್ಲಿ ಕಿರಿಯವ. ಮೇಲಿನ ಎಂಟೂ ಜನ ಕಾಲೇಜು ಪದವಿ ಪಡೆದವರು. 2013ರ ಸೀಸನ್ ಮುಗಿದಾಗ ಓದು ಬಿಟ್ಟು ವೃತ್ತಿಪರ ಆಯ್ಕೆಗೆ ಹೋಗುವ ದಾರಿ ಅವನಿಗೆ ತೆರೆದೇ ಇತ್ತು. ಹಣ ಕಣ್ಣಮುಂದೆ. ಅವನು ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿದ. ಒಂಬತ್ತನೆಯವನೂ ಡಿಗ್ರಿ ಇಲ್ಲದೆ ಮನೆಗೆ ಹೋಗುವ ಹಾಗಿರಲಿಲ್ಲ. ಇತಿಹಾಸ ಅವನ ವಿಷಯ. 2014ರ ಜುಲೈಯಲ್ಲಿ ಷಿಕಾಗೋದಲ್ಲಿ ನಡೆದ ಬಿಗ್ ಟೆನ್ ಒಕ್ಕೂಟದ ಔತಣಕೂಟದಲ್ಲಿ ಆಟಗಾರರೆಲ್ಲರ ಪರವಾಗಿ ಮಾತಾಡಲು ನಿಂತಾಗಲೂ ಶಿಕ್ಷಣದ ಮಹತ್ವವೇ ಅವನ ಮಾತಿನ ತಿರುಳು.

ಮರುವರ್ಷ ವೃತ್ತಿಪರ ತಂಡಗಳ ಪರೀಕ್ಷೆಯಲ್ಲಿ ನಿಂತಲ್ಲಿಂದಲೇ 42.5 ಇಂಚು ಮೇಲಕ್ಕೆ ಜಿಗಿದ. ಎರಡನೇ ಸುತ್ತಿನಲ್ಲಿ, ಒಟ್ಟಾರೆ 54ನೆಯವನಾಗಿ ಡೆಟ್ರಾಯಿಟ್ ಲಯನ್ಸ್ ಆರಿಸಿಕೊಂಡಿತು. ಮಿನ್ನೆಸೋಟ, ಕೆರೊಲಿನಾ, ಲಾಸ್ ವೇಗಸ್ ಅಂತ ತಂಡ ಬದಲಾಯಿಸುತ್ತಾ ಹೋದ. ಮೂರು ನಾಲ್ಕು ವರ್ಷಕ್ಕೇ ಬಹಳಷ್ಟು ಮಂದಿ ಮನೆಗೆ ಹೋಗುವ ಆಟ ಅದು. ಮಹಾ ತಾರೆ ಆಗಲಿಲ್ಲ, ಆದರೆ ಹತ್ತು ವರ್ಷದ ಅನ್ನ ಅದರಲ್ಲಿ ಸಂಪಾದಿಸಿದ. ಎರಡನ್ನೂ ಯಾವ ಅಭಿಮಾನಿಯೂ 2011ರಲ್ಲಿ ಸರಿಯಾಗಿ ಹೇಳಿರಲಿಕ್ಕಿಲ್ಲ.

ಉಪವಾಸ, ಸುಜೂದ್ ಮತ್ತು ಒಂದು ದಂಡ

ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್‌ಸನ್ ಹೈಸ್ಕೂಲು ಉಂಟು. ಮಕ್ಕಳಲ್ಲಿ ಹೆಚ್ಚಿನವರು ಅರಬ್ ಮೂಲದ ಮುಸ್ಲಿಮರು. 2010ರಲ್ಲಿ ರಮಝಾನ್ ಬಂದದ್ದು ಆಗಸ್ಟ್‌ನಲ್ಲಿ, ಸರಿಯಾಗಿ ಸೀಸನ್‌ಗೆ ಮುಂಚಿನ ಕಠಿಣ ತರಬೇತಿಯ ಹೊತ್ತಿಗೆ. ಬಿಸಿಲಲ್ಲಿ ನೀರು ಕುಡಿಯದೆ ಹೆಲ್ಮೆಟ್ ಹಾಕಿ ಓಡುವುದು ಹೇಗೆ? ಕೋಚ್ ಫೌಆದ್ ಝಬಾನ್ ತರಬೇತಿಯನ್ನೇ ರಾತ್ರಿಗೆ ಹಾಕಿದರು. 11 ಗಂಟೆಗೆ ಶುರು, ಸಹರಿಯ ಹೊತ್ತಿಗೆ ಮುಗಿತಾಯ. ಈ ಶಾಲೆಯ ತಂಡದ ಬಗ್ಗೆ ರಾಶಿದ್ ಘಾಝಿ ಸಾಕ್ಷ್ಯಚಿತ್ರ ಮಾಡಿದರು, 2011ರಲ್ಲಿ ಬಿಡುಗಡೆಯಾಯಿತು. ಮಕ್ಕಳು ದೀನ್ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಗಡಿಯಾರ ತಿರುಗಿಸಲು ಒಬ್ಬ ದೊಡ್ಡವರು ಮನಸ್ಸು ಮಾಡಿದ್ದು ಸಾಕಾಯಿತು.

ಹುಸೈನ್ ಅಬ್ದುಲ್ಲಾ ಇನ್ನೊಬ್ಬರು. 2008ರ ಆಯ್ಕೆಯಲ್ಲಿ ಅವರನ್ನು ಯಾರೂ ಆರಿಸಿರಲಿಲ್ಲ. ಆದರೂ ತಂಡ ಸೇರಿ ಜಾಗ ಗಟ್ಟಿ ಮಾಡಿಕೊಂಡರು. 2012ರಲ್ಲಿ ಸಹೋದರ ಹಂಝನ ಜೊತೆ ಹಜ್ಜ್ ನಿರ್ವಹಿಸಲೆಂದು ಒಂದು ಇಡೀ ಸೀಸನ್ ಬಿಟ್ಟರು. ಮರಳಿ ಬಂದಾಗ ಕ್ಯಾನ್ಸಸ್ ಸಿಟಿ ತಂಡ ಸೇರಿಸಿಕೊಂಡಿತು. 2014ರ ಸೆಪ್ಟೆಂಬರ್ 29ರಂದು ಖ್ಯಾತ ಟಾಮ್ ಬ್ರೇಡಿಯ ಪಾಸನ್ನು ಅಡ್ಡಗಟ್ಟಿ ಟಚ್‌ಡೌನ್ ಗಳಿಸಿ ಸುಜೂದ್ ಮಾಡಿದರು. ರೆಫರಿ ದಂಡ ವಿಧಿಸಿದರು. ಮರುದಿನ ಲೀಗೇ ದಂಡ ಹಾಕಬಾರದಿತ್ತು ಎಂದು ಒಪ್ಪಿತು. ಇದೇ ಹುಸೈನ್ 2016ರಲ್ಲಿ ನಿವೃತ್ತರಾದದ್ದು ತಲೆಗೆ ಪದೇ ಪದೇ ಬಿದ್ದ ಏಟಿನ ಕಾರಣದಿಂದ. ಮಿದುಳು ನಕ್ಷತ್ರ ಕೊಟ್ಟವರದ್ದಲ್ಲ, ಆಡಿದವರದ್ದು.

2025ರ ಆಯ್ಕೆಯಲ್ಲಿ ಇಡೀ ದೇಶಕ್ಕೆ ಮೂರನೆಯವನಾಗಿ ಹೋದ ಅಬ್ದುಲ್ ಕಾರ್ಟರ್ ಕೂಡ ಫಿಲಡೆಲ್ಫಿಯಾ ಕಡೆಯ ಮುಸ್ಲಿಂ ಹುಡುಗ, ಪೆನ್ ಸ್ಟೇಟ್‌ನಲ್ಲಿ ಆಡಿದವ.

ನಮ್ಮ ಸಭೆಗೆ ಒಂದು ಮಾತು

ಈಗ ಅಲ್ಲಿ ದುಡ್ಡಿನ ಹೊಳೆ ಬೇರೆ ಹರಿಯುತ್ತಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಹಣ ಮಾಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ಆದಾಯದ ಪಾಲು ಕೊಡಬಹುದು. ಹುಡುಗನ ಬೆಲೆ ಏರಿದಂತೆ ಅವನ ಮೇಲೆ ಬೀಳುವ ಮಾತೂ ಏರಿದೆ. ಹದಿನೇಳು ವರ್ಷದವನೊಬ್ಬ ತಮ್ಮ ಕಾಲೇಜು ಬಿಟ್ಟು ಬೇರೆಯದನ್ನು ಆರಿಸಿಕೊಂಡ ಅಂತ ಐವತ್ತು ವರ್ಷದವರು ಬೈಯುವುದೂ ಅಲ್ಲಿ ಇದೆ.

ಆದರೂ ಅಂಕಿ ಅಂಕಿಯೇ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯ ಲೆಕ್ಕದಂತೆ, ಹೈಸ್ಕೂಲಿನಲ್ಲಿ ಆಡುವ ನೂರು ಹುಡುಗರಲ್ಲಿ ಮೇಲಿನ ದರ್ಜೆಯ ಕಾಲೇಜು ತಂಡ ಸೇರುವವರು ಸುಮಾರು ಮೂವರು. ಕಾಲೇಜಿನಿಂದ ವೃತ್ತಿಪರ ಲೀಗ್‌ಗೆ ಹೋಗುವವರು ನೂರಕ್ಕೆ ಇಬ್ಬರೂ ಇಲ್ಲ. ಅಷ್ಟು ಹಣ, ಅಷ್ಟು ಸ್ಟೇಡಿಯಂ ಇರುವ ದೇಶದ ಲೆಕ್ಕ ಇದು. ನಮ್ಮಲ್ಲಿ ಎಷ್ಟೆಂದು ನಾವೇ ಊಹಿಸಬಹುದು.

ಹಾಗಾದರೆ ಮಕ್ಕಳನ್ನು ಮೈದಾನದಿಂದ ಎಳೆದು ತರಬೇಕೇ? ಖಂಡಿತ ಬೇಡ. ನಮ್ಮ ಕರಾವಳಿಯ ಹುಡುಗರ ಕಾಲಿನಲ್ಲಿ ಆಟ ಉಂಟು, ಅದನ್ನು ಕೊಲ್ಲುವುದು ಪಾಪ. ಆಟದ ಜೊತೆಗೆ ಪುಸ್ತಕವೂ ಇರಲಿ ಎಂಬುದಷ್ಟೇ ನಮ್ಮ ಮಾತು. ಪರೀಕ್ಷೆಯ ವಾರದಲ್ಲೂ ರಾತ್ರಿ ಹೊನಲು ಬೆಳಕಿನ ಟೂರ್ನಮೆಂಟ್ ಇಟ್ಟು ಹತ್ತನೇ ಕ್ಲಾಸಿನ ಹುಡುಗನನ್ನು ‘ನೀನಿಲ್ಲದೆ ತಂಡವೇ ಇಲ್ಲ’ ಎಂದು ಕರೆದುಕೊಂಡು ಹೋಗುವವರು, ಅವನು ಫೇಲಾದ ದಿನ ಮನೆ ಬಾಗಿಲಿಗೆ ಬರುತ್ತಾರಾ? ಚಪ್ಪಾಳೆ ಹೊಡೆಯುವ ನಾವು ಅವನ ಕಾಲೇಜು ಫೀಸಿನ ಬಗ್ಗೆಯೂ ವಿಚಾರಿಸುವುದು ಯಾವಾಗ? ನಮ್ಮ ಕ್ಲಬ್ಬುಗಳು, ಜಮಾಅತ್‌ಗಳು ಟ್ರೋಫಿಯ ಎತ್ತರಕ್ಕೆ ಹಾಕುವ ಹಣದಲ್ಲಿ ಒಂದು ಪಾಲನ್ನು ಆಟ ಆಡುವ ಮಕ್ಕಳ ಓದಿಗೆ ಎತ್ತಿಟ್ಟರೆ, ಅದು ನಮ್ಮದೇ ಸ್ಕಾಲರ್‌ಶಿಪ್ ಆಗುತ್ತದೆ. ಅದಕ್ಕೆ ನಕ್ಷತ್ರ ಬೇಕಾಗಿಲ್ಲ.

ಇನ್ನು ಹುಡುಗನ ಬಗ್ಗೆ ಭವಿಷ್ಯ ಹೇಳುವ ಚಟ ನಮಗೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಹೇಳುವಾಗ ಸ್ವಲ್ಪ ಮೆಲ್ಲಗೆ ಹೇಳೋಣ. ‘ಎತ್ತರ ಸಾಲದು’ ಎಂಬ ಮಾತು ಗೆರೆ ದಾಟಿ ಒಳಗೆ ಹೋಗುತ್ತದೆ. ಒಳಗಿರುವವನು ಇನ್ನೂ ಬೆಳೆಯುತ್ತಿರುವ ಹುಡುಗ.