ವರ್ಷದ ಆರಂಭವೇ ಕಹಿಯಾದಾಗ

2021ರ ಜುಲೈ ತಿಂಗಳ ಒಂದು ಸಂಜೆ. ಹಳೇ ಹುಬ್ಬಳ್ಳಿಯ ದರ್ಜಿಯೊಬ್ಬರು ಹೆಂಡತಿಯ ಒತ್ತಾಯಕ್ಕೆ ನನ್ನ ದವಾಖಾನೆಗೆ ಬಂದರು. ವಯಸ್ಸು ಐವತ್ತೆರಡು. ಏಳೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದವು. ಎರಡನ್ನೂ ಅವರು ಚೆನ್ನಾಗಿಯೇ ಹತೋಟಿಯಲ್ಲಿ ಇಟ್ಟುಕೊಂಡಿದ್ದರು. ಅಂದು ಪರೀಕ್ಷಿಸಿದರೆ ರಕ್ತದಲ್ಲಿ ಸಕ್ಕರೆ 386, ರಕ್ತದೊತ್ತಡ 170/100. ತೂಕ ಆರು ಕಿಲೋ ಇಳಿದಿತ್ತು.

"ಗುಳಿಗಿ ತಗೋಳಾಕತ್ತೀರೋ ಇಲ್ಲೋ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಹೆಂಡತಿಯೇ ಉತ್ತರಿಸಿದರು: "ಎರಡು ತಿಂಗಳಾತ್ರಿ ಡಾಕ್ಟ್ರ, ಒಂದ ಗುಳಿಗಿ ಮುಟ್ಟಿಲ್ಲ. ಮಷಿನ್ ಮುಂದ ಕುಂತಿಲ್ಲ."

ಆ ವರ್ಷದ ಯುಗಾದಿಗೆ ತಿಂಗಳು ತುಂಬುವುದರೊಳಗೆ ಅವರ ತಮ್ಮ ಕೊರೊನಾದಿಂದ ತೀರಿಕೊಂಡಿದ್ದರು. ಕೊನೆಯ ಸಲ ಮುಖ ನೋಡುವುದೂ ಆಗಿರಲಿಲ್ಲ. ಬಹಳ ಹೊತ್ತಿನ ನಂತರ ಅವರು ಬಾಯಿಬಿಟ್ಟರು: "ಪ್ಲವ ಸಂವತ್ಸರ, ಪ್ಲವ ಅಂದ್ರ ದೋಣಿ ಅಂತ ಹಬ್ಬದ ದಿನ ಪಂಚಾಂಗದಾಗ ಓದಿದ್ರಿ. ದೋಣೀನ ಮುಳುಗಿ ಹೋತಲ್ರಿ. ಇನ್ನ ಗುಳಿಗಿ ತಗೊಂಡು ಏನ್ ಮಾಡೂದೈತ್ರಿ?"

ಓದುಗರೇ, ಈ ಮಾತನ್ನು ನಾನು ಬೇರೆ ಬೇರೆ ಬಾಯಿಗಳಿಂದ ಎಷ್ಟೋ ಸಲ ಕೇಳಿದ್ದೇನೆ. ಜನವರಿಯಲ್ಲಿ ಕೆಲಸ ಹೋದವರು, ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲಿ ಸಾವು ಕಂಡವರು, ಯುಗಾದಿಯ ಮರುವಾರ ದೊಡ್ಡ ಕಾಯಿಲೆಯ ಸುದ್ದಿ ಕೇಳಿದವರು, ಎಲ್ಲರದೂ ಒಂದೇ ಲೆಕ್ಕ: "ಮೊದಲ್ನೇ ದಿನಾನ ಹಿಂಗಾತು, ಇನ್ನ ಇಡೀ ವರ್ಷ ಹೆಂಗೋ!" ನಷ್ಟದ ದುಃಖ ಸಹಜ. ಅದಕ್ಕೆ ಔಷಧ ಬೇಕಿಲ್ಲ. ಆದರೆ ಈ ಲೆಕ್ಕ ಮಾತ್ರ ಅಪಾಯದ್ದು. ಏಕೆಂದರೆ ಇದನ್ನು ನಂಬಿದವರು ಗುಳಿಗೆ ಬಿಡುತ್ತಾರೆ, ಊಟ ಬಿಡುತ್ತಾರೆ, ಕೆಲಸ ಬಿಡುತ್ತಾರೆ.

ಹೆಸರಿನಲ್ಲೇನಿದೆ?

ಈ ಲೆಕ್ಕ ಎಷ್ಟು ನಿಜ? ನಾವೆಲ್ಲ ಕಂಡ ಎರಡು ಯುಗಾದಿಗಳನ್ನೇ ನೆನೆಯೋಣ. 2020ರ ಯುಗಾದಿ ಮಾರ್ಚ್ 25ರಂದು ಬಂತು. ದೇಶದಲ್ಲಿ 21 ದಿನಗಳ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ತೋರಣ ಕಟ್ಟಿದ ಬಾಗಿಲುಗಳು ಮುಚ್ಚಿಕೊಂಡವು. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳೂ ನಿಂತವು. ಸಂವತ್ಸರದ ಹೆಸರು ಶಾರ್ವರಿ, ಅಂದರೆ ರಾತ್ರಿ. ಹೆಸರಿಗೆ ತಕ್ಕ ವರ್ಷವೆಂದು ಜನ ನಿಟ್ಟುಸಿರುಬಿಟ್ಟರು. ಆದರೆ ಅದೇ ಶಾರ್ವರಿ ಮುಗಿಯುವ ಮೊದಲೇ, 2021ರ ಜನವರಿ 16ರಂದು, ದೇಶದಲ್ಲಿ ಕೊರೊನಾ ಲಸಿಕೆ ಹಾಕುವ ಕೆಲಸ ಆರಂಭವಾಯಿತು.

ಮುಂದಿನ ಯುಗಾದಿ 2021ರ ಏಪ್ರಿಲ್ 13ರಂದು. ಹೆಸರು ಪ್ಲವ. ದೋಣಿ ದಡ ಸೇರಿಸುತ್ತದೆಂದು ಎಲ್ಲರೂ ಬೇವು ಕುಡಿದರು. ಎರಡೇ ವಾರಕ್ಕೆ, ಏಪ್ರಿಲ್ 27ರ ರಾತ್ರಿಯಿಂದ, ರಾಜ್ಯ ಮತ್ತೆ ಬಾಗಿಲು ಹಾಕಿತು. ಎರಡನೆಯ ಅಲೆ ಮನೆಮನೆಗಳಲ್ಲಿ ಸಾವು ತಂದಿತು. ಆದರೂ ಅದೇ ವರ್ಷದ ಅಕ್ಟೋಬರ್ 21ರ ಹೊತ್ತಿಗೆ ದೇಶದಲ್ಲಿ ಹಾಕಿದ ಲಸಿಕೆಯ ಸಂಖ್ಯೆ ನೂರು ಕೋಟಿ ಮುಟ್ಟಿತ್ತು.

ರಾತ್ರಿಯೆಂಬ ವರ್ಷದಲ್ಲಿ ಬೆಳಕಿನ ಕೆಲಸ ನಡೆಯಿತು. ದೋಣಿಯೆಂಬ ವರ್ಷದಲ್ಲಿ ಅಲೆ ಬಂತು, ಅಲೆಯ ನಡುವೆಯೇ ಕೆಲಸವೂ ಸಾಗಿತು. ವರ್ಷದ ಹೆಸರಾಗಲಿ ಮೊದಲ ದಿನವಾಗಲಿ ಉಳಿದ ದಿನಗಳ ಭವಿಷ್ಯ ಹೇಳಲಾರವು. ಹೋದವರು ಮರಳುವುದಿಲ್ಲ, ಆ ನಷ್ಟವನ್ನು ಯಾವ ಲಸಿಕೆಯೂ ತುಂಬಿಕೊಡುವುದಿಲ್ಲ. ಆದರೆ ಉಳಿದ ದಿನಗಳು ಏನಾಗಬೇಕೆಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ.

ದುಃಖ ಮೈಗೆ ಏನು ಮಾಡುತ್ತದೆ?

ಮನಸ್ಸಿಗೆ ಪೆಟ್ಟು ಬಿದ್ದಾಗ ದೇಹ ಸುಮ್ಮನಿರುವುದಿಲ್ಲ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳು ಹೆಚ್ಚಾಗಿ ಸ್ರವಿಸುತ್ತವೆ. ಇವು ಎದೆಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತವೆ. ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುವಂತೆ ಮಾಡುತ್ತವೆ. ನಿದ್ದೆ ತಪ್ಪುತ್ತದೆ, ಹಸಿವೆ ಕೆಡುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರಿಗೆ ಔಷಧ ಅತ್ಯಂತ ಅಗತ್ಯವಾಗುವುದು ಇಂಥ ದಿನಗಳಲ್ಲೇ. ಜನ ಅದನ್ನು ಬಿಡುವುದೂ ಇಂಥ ದಿನಗಳಲ್ಲೇ!

ಇನ್ನೊಂದು ವಿಷವರ್ತುಲವೂ ಇದೆ. ಮನಸ್ಸು ಕುಗ್ಗಿದವರು ಮೂಲೆ ಹಿಡಿಯುತ್ತಾರೆ. ಮೂಲೆ ಹಿಡಿದವರಿಗೆ ಸಣ್ಣ ಸಂತೋಷಗಳೂ ಸಿಗುವುದಿಲ್ಲ. ಅದರಿಂದ ಮನಸ್ಸು ಮತ್ತಷ್ಟು ಕುಗ್ಗುತ್ತದೆ. "ಮನಸ್ಸು ನೆಟ್ಟಗಾಗ್ಲಿ, ಆಮ್ಯಾಲೆ ಕೆಲಸಕ್ಕೆ ಹೋಗ್ತೀನಿ" ಎಂದು ಕಾಯುವವರು ಬಹುಕಾಲ ಕಾಯಬೇಕಾಗುತ್ತದೆ.

ಮೊದಲು ಕೆಲಸ, ಆಮೇಲೆ ಮನಸ್ಸು

ಮನಸ್ಸು ಬರುವ ಮೊದಲೇ ಸಣ್ಣದೊಂದು ಕೆಲಸ ಹಿಡಿಯಬೇಕು. ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಮನೋವೈದ್ಯರು ಈ ಕ್ರಮವನ್ನು ಬಳಸುತ್ತಾರೆ, ಅದು ಪರೀಕ್ಷೆಗೆ ನಿಂತ ಕ್ರಮ. ಅಂದು ದರ್ಜಿಯವರಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಗುಳಿಗೆಗಳ ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ನಿಮಗೂ ಬೇಕಾದೀತು:

ಒಂದು, ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಬೆಳಗಿನ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡೆಯಿರಿ. ಉಣಕಲ್ ಕೆರೆಯ ದಂಡೆಯೇ ಆಗಬೇಕೆಂದಿಲ್ಲ, ನಿಮ್ಮ ಓಣಿಯ ತುದಿಯಾದರೂ ಸಾಕು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸಿ ರಾತ್ರಿಯ ನಿದ್ದೆಗೆ ದಾರಿ ಮಾಡುತ್ತದೆ.

ಎರಡು, ಹಸಿವೆ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಅರ್ಧ ರೊಟ್ಟಿಯಾದರೂ ಉಣ್ಣಿ. ಔಷಧ ತಪ್ಪಿಸಬೇಡಿ.

ಮೂರು, ದಿನಕ್ಕೆ ಒಂದು ತಾಸು ನಿಮ್ಮ ಕಸುಬಿಗೆ ಕೂಡ್ರಿ. ಒಂದೇ ತಾಸು. ಗಿರಾಕಿ ಬರದಿದ್ದರೆ ಮನೆಯವರ ಹರಿದ ಬಟ್ಟೆ ಹೊಲಿಯಿರಿ.

ನಾಲ್ಕು, ದಿನಕ್ಕೊಬ್ಬರ ಹತ್ತಿರ ಮಾತಾಡಿ. ಹೋದವರ ಬಗ್ಗೆಯೇ ಆದರೂ ಸರಿ. ಅಳು ಬಂದರೆ ಅಳಿ.

ನಿದ್ದೆಗಾಗಿ ಮದ್ಯ ಬೇಡ. ಅದು ಮೊದಲು ಮಂಪರು ತಂದು ನಡುರಾತ್ರಿ ಎಚ್ಚರಿಸುತ್ತದೆ, ಮನಸ್ಸನ್ನೂ ಕುಗ್ಗಿಸುತ್ತದೆ. ನೆರೆಮನೆಯವರ ನಿದ್ದೆ ಗುಳಿಗೆಯೂ ಬೇಡ.

ಮನೆಯವರಿಗೊಂದು ಮಾತು

"ಅಳಬ್ಯಾಡ, ಗಟ್ಟಿ ಆಗು" ಎನ್ನುವುದರಿಂದ ಪ್ರಯೋಜನವಿಲ್ಲ. ಅಳು ತಡೆದವರು ಒಳಗೊಳಗೇ ಬೇಯುತ್ತಾರೆ. "ಎಲ್ಲಾ ಛಲೋ ಆಗತೈತಿ" ಎಂಬ ಮಾತೂ ಬೇಡ. ನಮಗಾರಿಗೂ ಅದು ಗೊತ್ತಿಲ್ಲ. ಅದರ ಬದಲು ಚಹಾ ಕೊಟ್ಟು ಪಕ್ಕದಲ್ಲಿ ಕೂಡ್ರಿ. "ಬರ್ರಿ, ಸಂತಿಗೆ ಹೋಗಿ ಬರೂಣು" ಎಂದು ಕರೆಯಿರಿ. ಗುಳಿಗೆಯನ್ನು ನೀರಿನೊಂದಿಗೆ ಕೈಗೆ ಕೊಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಸಹಜ ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುವೆ ಮೊಮ್ಮಗುವನ್ನು ಕಂಡು ನಗುವೂ ಬರುತ್ತದೆ. ಖಿನ್ನತೆ ಹಾಗಲ್ಲ. ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಗಳಷ್ಟು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ತಾನು ಯಾತಕ್ಕೂ ಬಾರದವನೆಂದು ಅನಿಸುತ್ತಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆಗಳೂ ಇಂಥದೇ ಲಕ್ಷಣ ತೋರಬಹುದು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಖಿನ್ನತೆಯ ಗುಳಿಗೆಗಳ ಗುಣ ಕಾಣಲು ಕೆಲವು ವಾರಗಳು ಬೇಕು. ನಾಲ್ಕು ದಿನಕ್ಕೇ ನಿಲ್ಲಿಸಬೇಡಿ. ಗುಣವಾದ ಮೇಲೂ ವೈದ್ಯರನ್ನು ಕೇಳದೆ ಬಿಡಬೇಡಿ.

ಸಾಯುವ ಮಾತು ಬಾಯಿಗೆ ಬಂದರೆ ಒಂದು ದಿನವೂ ಕಾಯಬಾರದು, ಅವರನ್ನು ಒಂಟಿಯಾಗಿ ಬಿಡಲೂಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಮಗ್ಗುಲಲ್ಲೇ ಇದೆ. ಅಲ್ಲಿಯ ಆಸ್ಪತ್ರೆಯ ಇತಿಹಾಸ 1845ರಷ್ಟು ಹಿಂದಿನದು. ಅಲ್ಲಿಗೆ ಹೋಗುವುದು ನಾಚಿಕೆಯ ಸಂಗತಿಯಲ್ಲ. ಹಗಲು ರಾತ್ರಿ ಯಾವಾಗಲಾದರೂ 14416ಕ್ಕೆ ಫೋನ್ ಮಾಡಬಹುದು. ಇದು 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ದರ್ಜಿಯವರು ಏನಾದರು? ಪವಾಡವೇನೂ ನಡೆಯಲಿಲ್ಲ. ಮೊದಲ ಹದಿನೈದು ದಿನ ಹೆಂಡತಿಯೇ ಕೈಹಿಡಿದು ಓಣಿಯ ತುದಿಯವರೆಗೆ ನಡೆಸಿದರು. ಸಕ್ಕರೆ ಇಳಿಯಲು ಎರಡು ತಿಂಗಳು ಹಿಡಿಯಿತು. ಶಾಲೆಗಳು ತೆರೆದ ಮೇಲೆ ಮಕ್ಕಳ ಸಮವಸ್ತ್ರ ಹೊಲಿಯಲು ಬಂತು. ಒಂದು ತಾಸು ಹೋಗಿ ನಾಲ್ಕು ತಾಸಾಯಿತು. 2022ರ ಯುಗಾದಿ ಮುಗಿಸಿಕೊಂಡು ತಪಾಸಣೆಗೆ ಬಂದಾಗ ಕೇಳಿದೆ, "ಬೇವು ಕುಡದ್ರೇನು?"

"ಕುಡದೇರಿ. ತಮ್ಮನ ನೆನಪಾಗಿ ಕಣ್ಣಾಗ ನೀರು ಬಂತ್ರಿ. ಆದ್ರೂ ಪೂರ್ತಿ ಕುಡದೆ," ಎಂದು ಹೇಳಿ, ತೋಳು ಮಡಚಿ ಒತ್ತಡ ನೋಡಲು ಕೈ ಚಾಚಿದರು. 130/80 ಇತ್ತು.