ಪುತ್ತಿಗೆಯ ಪೆಟ್ಟಿಗೆಯಲ್ಲಿ ರೋಮನ್ ಬಿಲ್ಲೆ

ಪುತ್ತಿಗೆಯ ಹಳೆಯ ಮನೆತನದ ಗೃಹಸ್ಥರೊಬ್ಬರು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಬಂದು, ಎಲೆಯಡಿಕೆಯ ಸಂಚಿಯಿಂದ ಬೆಳ್ಳಿಯ ಬಿಲ್ಲೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮನೆಯು ಪೂರ್ವದಲ್ಲಿ ಅಳಿಯಸಂತಾನದ್ದು. ಬಿಲ್ಲೆಯು ಸೋದರಮಾವನ ಪೆಟ್ಟಿಗೆಯಿಂದ ಬಂದುದು. ಚೌಟ ಅರಸರ ಕಾಲದ್ದೆಂದು ಮನೆಯವರ ನಂಬಿಕೆ. ಅಕ್ಕಸಾಲಿಗನು ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟಿದ್ದನಂತೆ. ಮೊಮ್ಮಗಳ ಗೆಜ್ಜೆಗೆ ಕರಗಿಸುವುದೆಂದು ನಿಶ್ಚಯವೂ ಆಗಿತ್ತು.

ಭೂತಗನ್ನಡಿ ಹಿಡಿದು ನೋಡಿದೆವು. ತೂಕ 3.6 ಗ್ರಾಂ, ಎಂದರೆ ತೊಲೆಯ ಮೂರನೆಯ ಒಂದಂಶಕ್ಕೆ ಕಿಂಚಿತ್ ಕಡಿಮೆ. ಒಂದು ಮುಖದಲ್ಲಿ ಎಲೆಯ ಮಾಲೆ ಧರಿಸಿದ ಪುರುಷನ ತಲೆ. ಸುತ್ತಲೂ ‘ತಿ ಸೀಸರ್ ದಿವಿ ಅವ್ಗ್’ ಎಂದು ಮೊದಲಾಗುವ ಲ್ಯಾಟಿನ್ ಅಕ್ಷರಗಳು. ಹಿಂಬದಿಯಲ್ಲಿ ದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀ; ‘ಪೊಂತಿಫ್ ಮಾಕ್ಸಿಮ್’, ಅರ್ಥಾತ್ ಪ್ರಧಾನ ಪುರೋಹಿತ. ಕ್ರಿ. ಶ. 14ರಿಂದ 37ರ ವರೆಗೆ ಆಳಿದ ರೋಮನ್ ಸಾರ್ವಭೌಮ ತಿಬೀರಿಯಸನ ದಿನಾರಿಯಸ್ ಇದು! ಅಂಚಿನಲ್ಲಿ ಎರಕದ ಗೆರೆಯಿದ್ದರೆ ನಕಲೆಂದು ಶಂಕಿಸಬೇಕು. ಅಂದಿನವರು ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಇದರಲ್ಲಿ ಗೆರೆ ಕಾಣಲಿಲ್ಲ. ಕಡೆಯ ತೀರ್ಮಾನವು ವಸ್ತುಸಂಗ್ರಹಾಲಯದ ಪಂಡಿತರದು. ತೊಳೆಯಬೇಡಿರೆಂದೆವು, ಅಷ್ಟರಲ್ಲಿ ಹುಣಿಸೆಹಣ್ಣು ತಿಕ್ಕಿ ಆಗಿತ್ತು.

ಕನ್ನಡನಾಡಿಗೆ ಇಂಥ ನಾಣ್ಯವು ಅಪರಿಚಿತವಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163, 1965ರಲ್ಲಿ ಅದೇ ನಗರದ ವಿಮಾನ ನಿಲ್ದಾಣದ ಬಳಿ 256 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ತಿಬೀರಿಯಸನ ನಾಣ್ಯ ಸಿಕ್ಕಿದೆ. ಹಿಂದೂಸ್ಥಾನವು ವರ್ಷಂಪ್ರತಿ 5 ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ರೋಮಿನ ಪ್ಲಿನಿಯು ದುಃಖಿಸಿದ್ದನು. ನಾಲ್ಕು ಸೆಸ್ಟರ್ಸಿಗೆ ಒಂದು ದಿನಾರಿಯಸ್. ನಮ್ಮ ಮೆಣಸನ್ನು ಅವರೇನು ಬಿಟ್ಟಿ ತಿನ್ನುತ್ತಿದ್ದರೇ?

ಗೃಹಸ್ಥರಿಗೆ ಬಹಳ ಸಂತೋಷವಾಯಿತು. “ಹಾಗಾದರೆ ರೋಮಿನ ವರ್ತಕರು ಪುತ್ತಿಗೆಗೆ ಬಂದಿದ್ದರೆಂದು ಬರೆಯಿರಿ, ಸ್ವಾಮಿ!” ಎಂದರು. ನಾಡಿನ ಹಿರಿಮೆ ನಮಗೂ ಪ್ರಿಯವೇ. ಆದರೆ ಮಣ್ಣಿನಿಂದ ಎದ್ದ ನಾಣ್ಯ ಬೇರೆ, ಪೆಟ್ಟಿಗೆಯಿಂದ ಎದ್ದ ನಾಣ್ಯ ಬೇರೆ. ಮಾವನವರು ಅದನ್ನು ಗದ್ದೆಯಲ್ಲಿ ಕಂಡರೋ, ಮುಂಬಯಿಯಲ್ಲಿ ಕೊಂಡರೋ ಹೇಳುವವರು ಉಳಿದಿಲ್ಲ. ಆದುದರಿಂದ ಹಾಗೆ ಬರೆಯಲಾರೆವೆಂದೆವು. ಅವರ ಮುಖ ಸ್ವಲ್ಪ ಬಾಡಿತು.

1972ರ ಪುರಾವಸ್ತು ಕಾನೂನಿನಂತೆ ಇಂಥ ನಾಣ್ಯವನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವಂತಿಲ್ಲವೆಂಬುದನ್ನೂ ತಿಳಿಸಿದೆವು. ಅವರು ತೂಕವನ್ನೂ ಅಕ್ಷರಗಳನ್ನೂ ಚೀಟಿಯಲ್ಲಿ ಬರೆಯಿಸಿಕೊಂಡು, ಬಿಲ್ಲೆಯನ್ನು ಅದರಲ್ಲಿಯೇ ಸುತ್ತಿದರು. ಗೆಜ್ಜೆಗೆ ಬೇರೆ ಬೆಳ್ಳಿ ಕೊಳ್ಳುವರಂತೆ.